ಬಾಣಂತಿ ಕೋಣೆಯ ಗೋಡೆ

ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಪತ್ತೆ ಹಚ್ಚುವುದೇ ನನ್ನ ಜೀವಮಾನದ ಕೆಲಸವಾಗಿತ್ತು. ಬೆಸಗರಹಳ್ಳಿ ಕಡೆಯ ನಾಲೆಗಳ ಮೇಲೆ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಏರಿಯ ಹೊರಮಗ್ಗುಲಲ್ಲಿ ಒಂದು ಗೇಣು ಹುಲ್ಲು ಉಳಿದದ್ದಕ್ಕಿಂತ ಹಸಿರಾಗಿ ಕಂಡರೆ ಸಾಕು, ಒಳಗೆ ಏಡಿ ಎಲ್ಲಿ ಬಿಲ ಕೊರೆದಿದೆ ಎಂದು ನಿಂತಲ್ಲೇ ಹೇಳುತ್ತಿದ್ದೆ. ಕದ್ದು ನೀರು ತಿರುಗಿಸಿಕೊಳ್ಳುವವರು ನನ್ನ ಬೈಕಿನ ಸದ್ದು ಕೇಳಿದರೆ ಗುದ್ದಲಿ ಬಚ್ಚಿಡುತ್ತಿದ್ದರು. ನಿವೃತ್ತಿಯಾದ ಮೇಲೂ ಆ ಹಮ್ಮು ಹೋಗಿರಲಿಲ್ಲ. ಅಂಥವನ ಮನೆಯ ಗೋಡೆಗೆ ನೀರು ಬಂತು. ಅದೂ ಮಗಳು ಚೊಚ್ಚಲ ಬಾಣಂತನಕ್ಕೆ ಬಂದು ಹಸುಗೂಸಿನ ಜೊತೆ ಮಲಗಿದ್ದ ಕೋಣೆಯ ಗೋಡೆಗೆ. ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗಲಿಲ್ಲ.

ಮದ್ದೂರಿನ ಅಂಚಿನಲ್ಲಿ, ಗದ್ದೆಗಳ ಪಕ್ಕ ನಮ್ಮ ಮನೆ. ಕಟ್ಟಿಸುವಾಗ ನಾನೇ ನಿಂತು ನೋಡಿಕೊಂಡದ್ದು. ಕಿಟಕಿಗೆ ಸೊಳ್ಳೆ ಪರದೆ, ಬಾಗಿಲಿಗೆ ರಬ್ಬರ್ ಪಟ್ಟಿ, ಮಗಳಿಗೆ ಅಂತಲೇ ಬಚ್ಚಲು ಕೂಡಿಕೊಂಡ ಒಂದು ಕೋಣೆ. ಹೆರಿಗೆಯಾದ ಹದಿಮೂರನೇ ದಿನ ಮಗಳು ಆ ಕೋಣೆಗೆ ಬಂದಳು. ಅವತ್ತಿನಿಂದ ಅದು ನನ್ನ ಹೆಂಡತಿಯ ರಾಜ್ಯ. ಅವಳ ತವರು ಪೂರಿಗಾಲಿ. ಅಲ್ಲಿ ಅವಳವ್ವ ತನ್ನ ಹೆಣ್ಣುಮಕ್ಕಳಿಗೆ, ಸೊಸೆಯರಿಗೆ, ನೆರೆಹೊರೆಯವರಿಗೆ ಬಾಣಂತನ ಮಾಡಿ ಊರಿಗೆಲ್ಲ ಹೆಸರಾದವರು. ಅವ್ವ ಮಾಡಿದ್ದನ್ನು ಒಂದು ಚೂರೂ ಬಿಡದೆ ಇವಳು ಇಲ್ಲಿ ಮಾಡಿದಳು. ಬಾಣಂತಿಗೆ ಗಾಳಿ ತಾಗಬಾರದು ಎಂದು ಎರಡೂ ಕಿಟಕಿ ಮುಚ್ಚಿ ಸಂದಿಗೆ ಹಳೇ ಸೀರೆಯ ಚೂರು ತುರುಕಿದಳು. ದಿನಕ್ಕೆರಡು ಸಲ ತಾಯಿಗೂ ಕೂಸಿಗೂ ಹಬೆಯಾಡುವ ಬಿಸಿನೀರು. ಬಚ್ಚಲಿನಿಂದ ಮಂಚಕ್ಕೆ ಬರುವಾಗ ಶೀತವಾಗಬಾರದು ಎಂದು ಬಚ್ಚಲ ಬಾಗಿಲು ತೆರೆದೇ ಇರಬೇಕು, ಹಬೆಯೆಲ್ಲ ಕೋಣೆಗೆ ಬರಬೇಕು. ನೀರಾದ ಮೇಲೆ ಕೆಂಡಕ್ಕೆ ಸಾಂಬ್ರಾಣಿ. ಇನ್ನು ಕೂಸಿನ ಬಟ್ಟೆ ಹೊತ್ತು ಮುಳುಗಿದ ಮೇಲೆ ಹೊರಗಿರಬಾರದು, ಕಂಡವರ ಕಣ್ಣು ಬೀಳುತ್ತದೆ. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ, ಹಸಿ ಬಟ್ಟೆಗಳನ್ನು ಸಾಲಾಗಿ ನೇತು ಹಾಕುತ್ತಿದ್ದಳು.

"ಅವ್ವ, ಒಂದ್ ಕಿಟ್ಕಿನಾದ್ರೂ ತೆಗಿಯವ್ವ. ಬೆವ್ರು ಸುರೀತದೆ," ಎಂದು ಮಗಳು ಗೋಗರೆಯುತ್ತಿದ್ದಳು.

"ಸುರೀಲಿ. ಈಗ ಬೆವುತ್ರೆ ಮುಂದ್ಕೆ ಸೊಂಟ ಗಟ್ಟಿ ನಿಂತ್ಕತದೆ," ಎಂದು ಇವಳು.

ನಾನು ಹೊಸ್ತಿಲಾಚೆ ನಿಂತು ಕೂಸನ್ನು ನೋಡಿಕೊಂಡು ಹೋಗುತ್ತಿದ್ದೆ. ಹೆಂಗಸರ ವಿಷಯಕ್ಕೆ ಮೂಗು ತೂರಿಸಲಿಲ್ಲ.

ಒಂದು ತಿಂಗಳಾಗಿತ್ತು. ಮಂಚ ಸರಿಸಿ ಗುಡಿಸಲು ಹೋದ ಹೆಂಡತಿ ನನ್ನನ್ನು ಕೂಗಿದಳು. ಮಂಚದ ಹಿಂದಿನ ಗೋಡೆಯಲ್ಲಿ ಕರಿ ಎಳ್ಳು ಎರಚಿದ ಹಾಗೆ ಚುಕ್ಕೆಗಳು. ಬೆರಳಿಂದ ಒರೆಸಿದೆ, ಮಸಿಯಂತೆ ಅಂಟಿತು. ಬೂಷ್ಟು. ಮೇಲೆ ಸೂರಿನ ಮೂಲೆಯಲ್ಲಿ ಗೋಡೆ ಒದ್ದೆಯಾಗಿ ಹೊಳೆಯುತ್ತಿತ್ತು. ಕೋಣೆಯಲ್ಲಿ ಸಾಂಬ್ರಾಣಿಯ ಕೆಳಗೆ ಇನ್ನೊಂದು ವಾಸನೆ ಇತ್ತು, ಬಹಳ ದಿನ ಮುಚ್ಚಿಟ್ಟ ಗೋಣಿಚೀಲದ್ದು. ಅದೇ ವಾರ ಕೂಸಿಗೆ ಕೆಮ್ಮು ಶುರುವಾಯಿತು. ಹಾಲು ಕುಡಿಯುತ್ತಾ ಕುಡಿಯುತ್ತಾ ಬಿಟ್ಟುಬಿಡುವುದು, ಉಸಿರೆಳೆದಾಗ ಎದೆಯೊಳಗೆ ಗೊರ್ರ್ ಅನ್ನುವುದು. ರಾತ್ರಿ ಆ ಸದ್ದು ಕೇಳಿದರೆ ನಾನು ಎದ್ದು ಬಂದು ಹೊಸ್ತಿಲಲ್ಲಿ ನಿಲ್ಲುತ್ತಿದ್ದೆ. ಕೂಸಿಗೆ ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ.

ಗೋಡೆಗೂ ಎದೆಗೂ ಏನೋ ಸಂಬಂಧ ಇದೆ ಅನಿಸಿತು. ಗೋಡೆಯನ್ನು ಒಣಗಿಸಿಯೇ ತೀರುತ್ತೇನೆ ಎಂದು ಹಟ ತೊಟ್ಟೆ. ಪಕ್ಕದ ಗದ್ದೆಯವನ ಮೇಲೆ ಮೊದಲೇ ನನಗೆ ಒಂದು ಕಣ್ಣಿತ್ತು. ಅವನು ನೀರು ಕಟ್ಟುವುದರಲ್ಲಿ ಅಳತೆ ಇಲ್ಲದ ಮನುಷ್ಯ. ನಮ್ಮ ತಳಪಾಯಕ್ಕೆ ಜೌಗು ಏರಿಸಿದವನು ಇವನೇ ಎಂದು ತೀರ್ಮಾನಿಸಿ, ಬದುವಿನ ಮೇಲೆ ನಿಂತು ಬಾಯಿಗೆ ಬಂದಂತೆ ಅಂದೆ. ಅವನು ಸೊಂಟದ ಮೇಲೆ ಕೈ ಇಟ್ಟುಕೊಂಡು ಪೂರ್ತಿ ಕೇಳಿಸಿಕೊಂಡ.

"ಆಯ್ತಾ ಕಣಣ್ಣ? ಈಗ್ ನಾ ಒಂದ್ ಕೇಳ್ತೀನಿ. ಗೋಡೆ ಎಲ್ ನೆಂದದೆ, ಕೆಳ್ಗಡೆನಾ, ಮೇಲ್ಗಡೆನಾ?"

"ಮೇಲ್ಗಡೆನೇ ಜಾಸ್ತಿ."

"ನನ್ ಗದ್ದೆ ನೀರು ಏಣಿ ಆಕ್ಕಂಡು ನಿಮ್ ತಾರ್ಸಿಗೆ ಅತ್ತೀತಾ? ನೋಡ್ ಬಾ ಇಲ್ಲಿ, ಕುಯ್ಲಿಗೆ ಅಂತ ನೀರ್ ಬಸ್ದು ಎಂಟ್ ದಿನ ಆಯ್ತು. ಈಟು ವರ್ಸ ನೀರ್ ನೋಡ್ಕಂಡಿದ್ದೋನು ನೀನು!"

ಗದ್ದೆ ನಿಜಕ್ಕೂ ಬಿರುಕು ಬಿಡುವ ಹಾಗೆ ಒಣಗಿತ್ತು. ತಬ್ಬಿಬ್ಬಾಗಿ ವಾಪಸು ಬಂದೆ. ಆದರೂ ಸುಮ್ಮನಿರಲಾಗದೆ ಕೋಣೆಯ ಹೊರಗೋಡೆಯ ಬುಡದಲ್ಲಿ ಮೊಣಕಾಲುದ್ದ ಗುಂಡಿ ತೋಡಿದೆ. ಮಣ್ಣು ಹುಡಿಹುಡಿ. ತಾರಸಿಗೆ ಹತ್ತಿ ಅಂಗಾತ ಮಲಗಿ ನೀರಿನ ಟ್ಯಾಂಕಿನ ಅಡಿ ನೋಡಿದೆ. ಒಣಗಿತ್ತು. ಬಚ್ಚಲ ಪೈಪಿಗೆ ಕಿವಿ ಇಟ್ಟು ಕೇಳಿದೆ. ಹೊರಗೋಡೆಗೆ ಅಂಗೈ ಒತ್ತಿದರೆ ಬೆಚ್ಚಗೆ, ಒಣಕಲು. ಅದೇ ಗೋಡೆಯ ಒಳಮೈಗೆ ಒತ್ತಿದರೆ ಅಂಗೈ ಒದ್ದೆ. ಮಳೆ ನಿಂತು ಎರಡು ವಾರ ಆಗಿತ್ತು. ಎರಡೂ ಕಡೆ ನೀರಿಲ್ಲದೆ ಒದ್ದೆಯಾಗುವ ಏರಿಯನ್ನು ನಾನು ಎಂದೂ ನೋಡಿರಲಿಲ್ಲ. ಒದ್ದೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ದಿನವೂ ನೋಡಿದೆ. ಒಂದು ದಿನ ಗೆರೆ ದಾಟಿ ಹರಡಿರುತ್ತಿತ್ತು, ಮಾರನೇ ದಿನ ಮಧ್ಯಾಹ್ನ ಒಳಕ್ಕೆ ಸರಿದಿರುತ್ತಿತ್ತು, ಸಂಜೆಗೆ ಮತ್ತೆ ಹಾಜರು. ನನ್ನ ತಲೆ ಕೆಟ್ಟು ಹೋಯಿತು.

ಬಣ್ಣದವನನ್ನು ಕರೆಸಿದೆ. ಗೋಡೆ ಉಪ್ಪು ಕಾರುತ್ತಿದೆ, ಕೆರೆದು ನೀರು ಹಿಡಿಯದ ಬಣ್ಣ ಹೊಡೆದರೆ ಮುಗಿಯಿತು ಎಂದ. ಮಗಳನ್ನೂ ಕೂಸನ್ನೂ ಎರಡು ದಿನ ನಡುಮನೆಯಲ್ಲಿ ಮಲಗಿಸಿ ಬಣ್ಣ ಹೊಡೆಸಿದೆ. ಆ ಎರಡು ದಿನ ಕೂಸು ಕೆಮ್ಮಲಿಲ್ಲ. ಅದನ್ನು ನಾನು ಗಮನಿಸಿದೆ, ಆದರೆ ಊರಿನ ಡಾಕ್ಟರು ಕೊಟ್ಟಿದ್ದ ಕೆಮ್ಮಿನ ಔಷಧಿ ಹಿಡಿಯಿತು ಅಂದುಕೊಂಡೆ. ಅವರು ಕೋಣೆಗೆ ವಾಪಸಾದ ಮೂರನೇ ದಿನಕ್ಕೇ ಹೊಸ ಬಣ್ಣದ ಮೇಲೆ ನೀರಿನ ಹನಿಗಳು ಸಾಲುಗಟ್ಟಿ ಇಳಿಯತೊಡಗಿದವು. ಗಾರೆ ಕೆಲಸದವನು ಬಂದು ನೋಡಿ, "ಸಾರ್, ಇದು ಬತ್ತಾ ಇರೋದು ಆ ಗವಾಕ್ಷಿ ಮೂಲೆಯಿಂದ. ಸಜ್ಜ ಸಣ್ಣುಕ್ಕದೆ, ಮಳೆ ಇರಚ್ಲು ಒಡೀತದೆ. ಆಗ ಗೋಡೆ ಕುಡ್ದಿದ್ ನೀರು ಈಗ ಕಾರ್ತಾ ಅದೆ. ನಾಳಿದ್ದು ಬಂದು ನೋಡ್ತೀನಿ," ಎಂದು ಹೋದ. ನಾಳಿದ್ದು ಬರಲಿಲ್ಲ, ಅದರ ಮಾರನೇ ದಿನವೂ ಬರಲಿಲ್ಲ.

ಕಿಟಕಿಗಳ ಮೇಲೆ ಸೂರಿನ ಹತ್ತಿರ ಒಂದು ಮೊಳ ಅಗಲದ ಗವಾಕ್ಷಿ ಇತ್ತು. ಕೋಣೆಯಲ್ಲಿ ಹೆಂಡತಿ ಬಟ್ಟೆ ತುರುಕದೆ ಬಿಟ್ಟಿದ್ದ ಸಂದಿ ಅದೊಂದೇ. ಅದನ್ನು ಮುಚ್ಚುತ್ತೇನೆ ಎಂದಾಗ ಅವಳು ಬೇಡ ಅಂದಳು.

"ಅದೊಂದು ಇರ್ಲಿ ಬುಡಿ. ಸಾಂಬ್ರಾಣಿ ಒಗೆ ಓಗಕ್ಕೆ ದಾರಿ ಬ್ಯಾಡ್ವಾ?"

"ನೀರು ಬರ್ತಾ ಇರೋದೇ ಅಲ್ಲಿಂದ ಕಣೆ. ನಿಂಗೇನು ಗೊತ್ತು?" ಎಂದು ಗದರಿದೆ.

ಚುಚ್ಚುಮದ್ದು ಹಾಕಿಸಲು ಅವರು ಆಸ್ಪತ್ರೆಗೆ ಹೋಗಿದ್ದ ಬೆಳಿಗ್ಗೆ ನಾನೇ ಸಿಮೆಂಟು ಕಲಸಿ, ಇಟ್ಟಿಗೆ ಚೂರು ಇಟ್ಟು ಗವಾಕ್ಷಿಯನ್ನು ಗಿಲಾವು ಮಾಡಿ ಮುಚ್ಚಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಕೆಳಗಿಳಿದು ನಿಂತು ಮೀಸೆ ತಿರುವಿಕೊಂಡದ್ದು ನೆನಪಿದೆ. ಹೆಂಡತಿ ಬಂದು ತಲೆಯೆತ್ತಿ ನೋಡಿದಳು. ಕೂಸನ್ನು ಮಂಚದ ಮೇಲೆ ಮಲಗಿಸಿ ನೀರು ಕಾಯಿಸಲು ಹೋದಳು.

ಐದನೇ ದಿನ, ಹತ್ತು ಗಂಟೆಯ ನೀರು ಹಾಕಿ ಮುಗಿಸಿ ಸಾಂಬ್ರಾಣಿ ಹಾಕಿದ್ದರು. ಮಗಳು ಕಿರುಚಿದ್ದು ಕೇಳಿ ಓಡಿದೆ. ಕೋಣೆಯಲ್ಲಿ ಹಬೆ, ಹೊಗೆ, ಹಸಿಬಟ್ಟೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಕೂಸಿನ ತುಟಿ ಕಪ್ಪಿಟ್ಟಿತ್ತು, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಮಂಡ್ಯಕ್ಕೆ ಕಾರಿನಲ್ಲಿ ಹೋಗುವಷ್ಟು ಹೊತ್ತೂ ನಾನು ಅದರ ಎದೆಯನ್ನೇ ನೋಡುತ್ತಿದ್ದೆ. ಏರುತ್ತಿದೆಯೋ ಇಲ್ಲವೋ, ಏರುತ್ತಿದೆಯೋ ಇಲ್ಲವೋ. ಅಷ್ಟು ಭಯ ನನಗೆ ಮತ್ತೆಂದೂ ಆಗಿಲ್ಲ.

ಮಕ್ಕಳ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೂಗಿಗೆ ಆಮ್ಲಜನಕ ಇಟ್ಟು, ಹಬೆಯಂಥ ಔಷಧಿ ಕೊಟ್ಟು, ಸಂಜೆಯ ಹೊತ್ತಿಗೆ ಕೂಸು ಹಾಲು ಕುಡಿಯುವಂತೆ ಮಾಡಿದರು. ಆಮೇಲೆ ನನ್ನನ್ನು ಕೂರಿಸಿಕೊಂಡು ಮನೆಯ ಬಗ್ಗೆ ಕೇಳಿದರು. ಗೋಡೆಯ ನೀರಿನ ಮೂಲ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ ಎಂದೆ. ಫೋನಿನಲ್ಲಿ ನಾನು ತೆಗೆದಿಟ್ಟಿದ್ದ ಗೋಡೆಯ ಚಿತ್ರಗಳನ್ನು ತೋರಿಸಿದೆ. ಅವರು ಗೋಡೆಯನ್ನು ನೋಡಲೇ ಇಲ್ಲ. ಚಿತ್ರದ ಮೂಲೆಯಲ್ಲಿ ನೇತಾಡುತ್ತಿದ್ದ ಬಟ್ಟೆಗಳ ಮೇಲೆ ಬೆರಳಿಟ್ಟರು.

"ಇವು ಎಲ್ಲಿ ಒಣಗುತ್ತವೆ?"

"ಅಲ್ಲೇ."

"ಅದರ ನೀರು ಎಲ್ಲಿಗೆ ಹೋಗುತ್ತೆ ಸರ್?"

ಫೋನನ್ನು ನನ್ನ ಕಡೆಗೆ ತಿರುಗಿಸಿಕೊಂಡು ಆ ಬಟ್ಟೆಗಳನ್ನೇ ನೋಡಿದೆ. ನೀರು ಎಲ್ಲಿಗೆ ಹೋಗುತ್ತೆ ಎಂದು ಕೇಳಿದ್ದು, ಅದೂ ನನ್ನನ್ನು!

"ಅನ್ನದ ಪಾತ್ರೆ ಮುಚ್ಚಳ ತೆಗೆದರೆ ಅದರ ಒಳಮೈಯಲ್ಲಿ ನೀರು ನಿಂತಿರುತ್ತಲ್ಲ, ಹಾಗೆ. ನಿಮ್ಮ ಗೋಡೆಗೆ ನೀರು ಹೊರಗಿನಿಂದ ಬರ್ತಾ ಇಲ್ಲ. ಸ್ನಾನದ ಹಬೆ, ಬಟ್ಟೆ, ಉಸಿರು, ಎಲ್ಲ ತಣ್ಣಗಿನ ಮೂಲೆಗೆ ಹೋಗಿ ಕೂರ್ತಿದೆ. ಅದರ ಮೇಲೆ ಬೂಷ್ಟು ಬೆಳೆಯುತ್ತೆ. ಜೊತೆಗೆ ಹೊಗೆ ಬೇರೆ. ಗಾಳಿ ಹೋಗೋಕೆ ಎಲ್ಲೂ ದಾರಿ ಇಲ್ವಾ?"

"ಇತ್ತು," ಎಂದೆ.

ಹಾಗಾದರೆ ಕೂಸಿಗೆ ಹೀಗಾದದ್ದು ಆ ಕೋಣೆಯಿಂದಲೇ ತಾನೆ ಎಂದು ಕೇಳಿದೆ. ಹಾಗೆ ಖಡಾಖಂಡಿತ ಹೇಳಲಾಗದು, ಈಗ ಎಲ್ಲ ಕಡೆ ಮಕ್ಕಳಿಗೆ ಶೀತ ಹರಡಿದೆ, ಅದೂ ಇರಬಹುದು, ಆದರೆ ಆ ಕೋಣೆ ಇದನ್ನು ಖಂಡಿತ ಹೆಚ್ಚು ಮಾಡುತ್ತದೆ ಎಂದರು. ನನಗೆ ಒಂದು ಕಡೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ತಪ್ಪು ಪೂರ್ತಿ ನನ್ನದು ಎಂದು ಗೊತ್ತಾಗಿದ್ದರೆ ಅತ್ತುಬಿಡುತ್ತಿದ್ದೆ. ನನ್ನದಲ್ಲ ಎಂದಿದ್ದರೆ ಮಲಗಿ ನಿದ್ದೆ ಮಾಡುತ್ತಿದ್ದೆ. ವರಾಂಡದ ಬೆಂಚಿನ ಮೇಲೆ ಕೂತು ಯೋಚಿಸಿದಷ್ಟೂ ಗೋಜಲಾಯಿತು. ಅತ್ತೆ ಬಾಣಂತನ ಮಾಡಿದ ಕೂಸುಗಳೆಲ್ಲ ಗಟ್ಟಿಮುಟ್ಟಾಗಿ ಬೆಳೆದಿದ್ದಾರಲ್ಲ, ಅಲ್ಲೂ ಇದೇ ಹಬೆ, ಇದೇ ಹೊಗೆ ಇತ್ತಲ್ಲ? ಆಗ ಪೂರಿಗಾಲಿಯ ಆ ಮನೆ ಕಣ್ಣ ಮುಂದೆ ಬಂತು. ನಾಡಹೆಂಚಿನ ಮಾಡು. ಸಾಂಬ್ರಾಣಿ ಹಾಕಿದರೆ ಬೀದಿಯಲ್ಲಿ ನಿಂತವರಿಗೆ ಹೆಂಚಿನ ಸಂದಿಯಲ್ಲೆಲ್ಲ ಹೊಗೆ ಏಳುವುದು ಕಾಣುತ್ತಿತ್ತು. ಅತ್ತೆ ಕಿಟಕಿ ಮುಚ್ಚಿದರೂ ಆ ಮನೆ ಮುಚ್ಚಿಕೊಳ್ಳುತ್ತಿರಲಿಲ್ಲ. ನಾನು ಕಟ್ಟಿಸಿದ ಮನೆಯಲ್ಲಿ ಅಂಥ ಒಂದೇ ಒಂದು ಸಂದಿ ಇತ್ತು. ನನ್ನ ಹೆಂಡತಿಗೆ ಅದು ಬೇಕು ಅನ್ನುವುದು ಗೊತ್ತಿತ್ತು.

ನಾಲ್ಕನೇ ದಿನ ಮನೆಗೆ ಬಂದೆವು. ಕೂಸನ್ನು ನಡುಮನೆಯಲ್ಲಿ ಮಲಗಿಸಿದೆವು. ಅದೇ ಮಧ್ಯಾಹ್ನ ಕಿರುಗಾವಲಿನಿಂದ ಮಗಳ ಅತ್ತೆ ಬಂದರು. ಬೀಗಿತಿ ದೊಡ್ಡ ಗಂಟಲಿನ, ಮುಚ್ಚುಮರೆ ಇಲ್ಲದ ಹೆಂಗಸು. ಬಾಣಂತಿ ಕೋಣೆಗೆ ನುಗ್ಗಿ, ಮೂಗಿಗೆ ಸೆರಗು ಹಿಡಿದುಕೊಂಡು ಹೊರಗೆ ಬಂದರು.

"ಅಲ್ಲ ಕಣಮ್ಮ, ಒಂದ್ ಕಿಟ್ಕಿ ಇಲ್ಲ, ಒಂದ್ ಗಾಳಿ ಇಲ್ಲ. ಆಟು ಮೇಲಿರೋ ಗವಾಕ್ಷಿನೂ ಗಾರೆ ಮೆತ್ತಿ ಮಡ್ಗಿದ್ದೀಯಲ್ಲ! ಕೂಸ್ನ ಆವಿಗಿಕ್ಕಕ್ಕೆ ಅದೇನ್ ಇಡ್ಲಿನಾ? ನಿನ್ ಬಾಣಂತನ ಸಾಕು. ನಮ್ ಸೊಸೆನ ಕರ್ಕ ಓಯ್ತೀನಿ."

ಹೆಂಡತಿ ತಲೆ ಬಗ್ಗಿಸಿ ನಿಂತಿದ್ದಳು. ಗವಾಕ್ಷಿ ಮುಚ್ಚಿದ್ದು ನಾನಲ್ಲ ಎಂದು ಅನ್ನಲಿಲ್ಲ. ನಾನು ಮೂರು ಮಾರು ದೂರದಲ್ಲಿ ಕುರ್ಚಿಯ ಮೇಲೆ ಕೂತಿದ್ದೆ. ಬಾಯಿ ತೆರೆದರೆ ಒಂದೇ ಮಾತು. ಅದು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಈಗಲೂ ನನಗೆ ಬಿಡಿಸಿ ಹೇಳಲಾಗುವುದಿಲ್ಲ. ಡಾಕ್ಟರು ಖಚಿತ ಇಲ್ಲ ಅಂದಿದ್ದಾರಲ್ಲ ಎಂದುಕೊಂಡೆನೋ, ಬೀಗರ ಮುಂದೆ ಹಗುರಾಗಬಾರದು ಎಂದುಕೊಂಡೆನೋ. ಕಿಟಕಿಗೆ ಬಟ್ಟೆ ತುರುಕಿದ್ದು ಅವಳೇ ಅಲ್ಲವೇ ಎಂದು ಒಂದು ಗಳಿಗೆ ಅನಿಸಿದ್ದೂ ನಿಜ. ಇಂದಿಗೂ ಅದಕ್ಕೆ ನಾಚಿಕೆಯಾಗುತ್ತದೆ. ಐದು ತಿಂಗಳ ಬಾಣಂತನ ಎರಡು ತಿಂಗಳಿಗೇ ಮುಗಿಯಿತು. ಮಡಿಲು ತುಂಬುವಾಗ ಹೆಂಡತಿಯ ಕೈಯಿಂದ ಅಕ್ಕಿ ಎರಡು ಸಲ ಚೆಲ್ಲಿತು. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲಿ ನಿಂತಿದ್ದಳು.

ಮಾರನೇ ದಿನ ನಾನು ಉಳಿ ಸುತ್ತಿಗೆ ತೆಗೆದುಕೊಂಡು ಗವಾಕ್ಷಿ ಒಡೆದೆ. ಅವಳು ಕಿಟಕಿಯ ಬಟ್ಟೆಗಳನ್ನು ಕಿತ್ತು, ಎರಡು ಕಡೆಯೂ ತೆರೆದು, ಮೂಗು ಬಾಯಿ ಕಟ್ಟಿಕೊಂಡು ಸೋಪಿನ ನೀರಿನಲ್ಲಿ ಗೋಡೆ ಉಜ್ಜಿದಳು. ನೆನೆದ ಹಾಸಿಗೆಯನ್ನು ತಾರಸಿಗೆ ಹಾಕಿದೆವು. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದೆವು. ನಾಲ್ಕೇ ದಿನಕ್ಕೆ, ಯಾವ ಗಾರೆಯೂ ಬಣ್ಣವೂ ಇಲ್ಲದೆ ಗೋಡೆ ಒಣಗಿತು. ನನ್ನ ಪೆನ್ಸಿಲ್ ಗೆರೆಗಳು ಮಾತ್ರ ಉಳಿದವು. ಆ ನಾಲ್ಕು ದಿನ ನಾವು ಎಷ್ಟು ಬೇಕೋ ಅಷ್ಟೇ ಮಾತಾಡಿದೆವು. ಕೊನೆಗೆ ನಾನೇ ಬಾಯಿಬಿಟ್ಟೆ.

"ಗವಾಕ್ಷಿ ವಿಷ್ಯದಲ್ಲಿ ನೀನು ಹೇಳಿದ್ದೇ ಸರಿ ಇತ್ತು. ನನ್ನಿಂದ ತಪ್ಪಾಯ್ತು."

ಅವಳು ನೀರಿನ ಬಕೆಟ್ ಕೆಳಗಿಟ್ಟಳು. "ಅದು ನಂಗ್ ಗೊತ್ತಿಲ್ವಾ? ನನ್ ತಾವ ಯಾಕ್ ಏಳ್ತೀರಿ? ಏಳ್ಬೇಕಾದ್ ಕಡೆ ಬಾಯಿಗ್ ಬೀಗ ಆಕ್ಕಂಡ್ ಕುಂತಿದ್ರಿ. ಅವ್ರು ಊರ್ಗೆಲ್ಲ ಅಂದ್ಕ ಬತ್ತಾರೆ, ಅಜ್ಜಿಯೇ ಕೂಸ್ನ ಉಸ್ರು ಕಟ್ಸುದ್ಲು ಅಂತ. ನಾ ಹೆಂಗ್ ಓಗ್ಲಿ ಆ ಮನೆಗೆ, ಕೂಸ್ನ ನೋಡಕ್ಕೆ?"

ಅವಳು ಆ ಮನೆಗೆ ಹೋಗಲಾರಳು ಅನ್ನುವುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಮಳವಳ್ಳಿಗೆ ಹೋಗಿ ಕಿರುಗಾವಲಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡೆ, ಬೀಗರ ಹೊಸ್ತಿಲಲ್ಲಿ ಎಲ್ಲ ಮರೆತೆ. ಕೂಸು ಬಾಗಿಲು ತೆರೆದ ಕೋಣೆಯಲ್ಲಿ ಮಲಗಿತ್ತು. ನಾನು ಬಗ್ಗಿ ಕಿವಿಗೊಟ್ಟೆ. ಉಸಿರು ಸದ್ದಿಲ್ಲದೆ ಆಡುತ್ತಿತ್ತು. ಬೀಗಿತಿ ಕಾಫಿ ಲೋಟ ತಂದು ಕೈಗೆ ಕೊಟ್ಟರು. ನಾನು ಅದನ್ನು ಹಿಡಿದುಕೊಂಡು ನಿಂತೇ ಹೇಳಿದೆ.

"ಗವಾಕ್ಷಿ ಮುಚ್ಚಿದ್ದು ನಾನು. ಅವಳು ಬೇಡ ಅಂದಿದ್ದಳು. ಅವತ್ತು ನೀವು ಅವಳನ್ನ ಅಂದಾಗ ನಾನು ಸುಮ್ಮನೆ ಕೂತಿದ್ದೆ."

ಒಳಗೆ ಮಗಳು ಬಟ್ಟೆ ಮಡಿಸುತ್ತಿದ್ದ ಸದ್ದು ನಿಂತಿತು. ಬೀಗಿತಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಅವತ್ತೇ ಅನ್ನಕ್ಕೇನಾಗಿತ್ತು ಬೀಗ್ರೇ? ಆ ಹೆಂಗ್ಸು ಉಸ್ರು ಎತ್ತಲಿಲ್ವಲ್ಲ!" ಎಂದರು. ಆಮೇಲೆ ಗೋಡೆ ಕಡೆ ನೋಡುತ್ತಾ, "ನಂಗೆ ಕೂಸ್ಗೆ ನೀರಾಕಕ್ಕೆ ಬರಾಕಿಲ್ಲ. ಕಾಲ್ ಮ್ಯಾಗ್ ಮಲುಗುಸ್ಕಂಡ್ರೆ ಕೈ ನಡುಗ್ತದೆ. ಒಂದ್ ವಾರದಿಂದ ಒದ್ದೆ ಬಟ್ಟೇಲಿ ಒರೆಸ್ತಾ ಇವ್ನಿ. ನಾಳಿಕ್ಕೇ ಅವ್ರುನ್ನ ಕಳ್ಸಿ," ಎಂದರು.

ಜಗಲಿಗೆ ಬಂದು ಮನೆಗೆ ಫೋನು ಮಾಡಿದೆ. ಕೂಸು ಚೆನ್ನಾಗಿದೆ, ಕೆಮ್ಮಿಲ್ಲ, ನಿನ್ನನ್ನು ಬರಹೇಳಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದೆ.

"ಅವ್ರುಗೆ ಏಳುದ್ರಾ?" ಎಂದಳು.

"ಹೇಳಿದೆ," ಎಂದೆ.